ಸಲೂಕಿಯ ಮೂಗು

ರುಡಾಲ್ಫ್ ತನ್ನ ತಲೆದಿಂಬು ಎತ್ತಿಕೊಂಡು ನಾಯಿಗೂಡಿನ ಪಕ್ಕದ ಕೋಣೆಗೆ ಹೋದ ದಿನ ಕಾರ್ಮೆಲ್ ಅವನಿಗಾಗಿಯೇ ಬಂಗುಡೆ ಹುರಿಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರ ಅಷ್ಟು ಹಗುರವಾಗಿ ಒಬ್ಬನ ಕಂಕುಳಲ್ಲಿ ಹೊರಟುಹೋಗಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಕೊಲ್ಲಿ ದೇಶದ ಸಲ್ವಾ ಎಂಬಲ್ಲಿನ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಅವಳು ಅಡುಗೆಯವಳು, ಅವನು ಯಜಮಾನರ ಬೇಟೆನಾಯಿಗಳನ್ನು ನೋಡಿಕೊಳ್ಳುವವನು. ಯಜಮಾನರ ತಾಯಿಯ ನರ್ಸ್ ಆಗಿ ಲೊರೈನ್ ಬಂದು ಒಂದು ವರ್ಷವಾಗಿತ್ತಷ್ಟೆ, ಅಷ್ಟರಲ್ಲಿ ರುಡಾಲ್ಫ್‌ನ ಮನಸ್ಸು ಅವಳ ಕಡೆ ಹೋಗಿತ್ತು.

"ನಾನು ಊರಿಗೆ ಬರುದಿಲ್ಲ ಮಾರಾಯ್ತಿ. ನಿನಗೆ ಬೇಕಾದ್ರೆ ಹೋಗು," ಎಂದಿದ್ದ.

"ಅವಳಿಗೆ ಬಂಗುಡೆ ಕಾಯಿಸ್ಲಿಕ್ಕೆ ಬರ್ತದಾ?"

"ಮೊಟ್ಟೆ ಬೇಯಿಸ್ಲಿಕ್ಕೂ ಬರುದಿಲ್ಲ," ಎಂದು ರುಡಾಲ್ಫ್ ನಕ್ಕಿದ್ದ. ಅವನು ಬೈದಿದ್ದರೆ ಸಹಿಸಬಹುದಿತ್ತು. ಅಕ್ಕರೆಯ ಆ ನಗು ಸಹಿಸಲಾಗಲಿಲ್ಲ.

ಅವನು ಅಳುವಂತೆ ಮಾಡಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಅವನು ಬೇಕಿತ್ತು. ಹೋದ ಚಳಿಗಾಲ ಅತಿಥಿಗಳೆದುರು ನಾಯಿಯೊಂದು ಕಾಡುಬೆಕ್ಕನ್ನು ಕೈಬಿಟ್ಟಿತೆಂದು ಯಜಮಾನರು ಅದನ್ನು ಸಾಕಿದ್ದ ಅಝರುದ್ದೀನನ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿಸಿ ಮೂರೇ ದಿನದಲ್ಲಿ ವಿಮಾನ ಹತ್ತಿಸಿದ್ದರು. ರುಡಾಲ್ಫ್‌ಗೂ ಹಾಗಾದರೆ? ಲೊರೈನ್‌ಗೆ ಇನ್ನೂ ಎರಡು ವರ್ಷದ ಕರಾರಿತ್ತು, ಅವಳು ಕದಲುವಂತಿರಲಿಲ್ಲ. ಕಾರ್ಮೆಲ್ ಕೆಲಸ ಬಿಟ್ಟು ಅವನ ಬೆನ್ನಿಗೇ ಊರಿಗೆ, ಕಿನ್ನಿಗೋಳಿಗೆ ಹೋಗುವಳು. ಮೊದಮೊದಲು ಅವನು ಮಾತಾಡಲಿಕ್ಕಿಲ್ಲ. ಆಮೇಲೆ ಹಸಿವಾಗುತ್ತದೆ.

ಈ ಸಲ ಬೇಟೆಯ ಭಾರವೆಲ್ಲ ಬರ್ಕ್ ಎಂಬ ಸಲೂಕಿ ತಳಿಯ ನಾಯಿಯ ಮೇಲಿತ್ತು. ಕಾರ್ಮೆಲ್‌ಗೆ ಬೇಟೆನಾಯಿ ಹೊಸದಲ್ಲ. ಅವಳ ಅಪ್ಪನ ನಾಯಿಗಳು ನೆಲಕ್ಕೆ ಮೂಗಿಟ್ಟು ಹೊರಟರೆ ಪುನುಗುಬೆಕ್ಕು ಯಾವ ಪೊಟರೆಯಲ್ಲಿದ್ದರೂ ಸಿಕ್ಕಿಬೀಳುತ್ತಿತ್ತು. ನಾಯಿಗಳ ಹತ್ತಿರ ಮೆಣಸು ಕುಟ್ಟಿದರೆ, ಅವುಗಳ ಮೂಗು ಕೆಡುತ್ತದೆಂದು ಅಪ್ಪ ಒನಕೆಯನ್ನೇ ಕಿತ್ತುಕೊಳ್ಳುತ್ತಿದ್ದ. ಆದರೆ ಮೆಣಸಿನಿಂದ ನಾಯಿ ಸೀನುತ್ತದೆ, ಯಾರಿಗಾದರೂ ಸಂಶಯ ಬರುತ್ತದೆ. ತನ್ನ ತಲೆನೋವಿನ ಬಾಮ್ ಸಾಕು. ಮೂಗಿನ ಅಂಚಿಗೆ ತೆಳ್ಳಗೆ ಸವರಿ ನಿಂಬೆಹಣ್ಣಿನಲ್ಲಿ ಕೈ ತೊಳೆದರಾಯಿತು. ಬೇಟೆಗೇ ಅನುಮತಿ ಇಲ್ಲದ್ದರಿಂದ ಪೊಲೀಸರ ತನಕ ಮಾತು ಹೋಗುವುದಿಲ್ಲ. ಆ ವಾಸನೆ ಮನೆಯಲ್ಲಿ ತನ್ನೊಬ್ಬಳದೇ ಎಂಬುದನ್ನೂ ಅವಳು ಯೋಚಿಸಿದ್ದಳು. ಆದರೆ ಸೋತು ಬಂದ ನಾಯಿಯ ಮುಖದ ಹತ್ತಿರ ಮುಖ ಒಯ್ಯುವವರು ಯಾರು?

ಜನವರಿಯ ಆ ಬೆಳಗ್ಗೆ ಮರಳುಗಾಡಿನ ಬಿಡಾರದಲ್ಲಿ ನೀರಿನ ಬಕೆಟ್ಟಿನ ಮೇಲೆ ಮಂಜುಗಡ್ಡೆಯ ತೆಳು ಪೊರೆ ಕಟ್ಟಿತ್ತು. ಕಾರ್ಮೆಲ್ ಒಲೆ ಹಚ್ಚಿಟ್ಟು ಬರ್ಕ್‌ನ ಮುಂದೆ ಕೂತಳು. ಬಾಮ್ ಸವರುವಾಗ ಅದು ಕಣ್ಣು ಮುಚ್ಚಿ ಅವಳ ಮೊಣಕಾಲಿಗೆ ತಲೆ ಒರಗಿಸಿತು. ಅವಳ ಕೈ ತಡೆಯಿತು. ಅವಳಿಗೆ ಯಾರಾದರೂ ಹೀಗೆ ತಲೆ ಒರಗಿಸಿ ಎಷ್ಟು ತಿಂಗಳಾಗಿತ್ತು!

"ಎಂತ, ಇವತ್ತು ನಾಯಿಯ ಮೇಲೆ ಪ್ರೀತಿ ಉಕ್ಕಿತಾ?" ರುಡಾಲ್ಫ್ ಹಗ್ಗ ಹಿಡಿದು ಬಂದಿದ್ದ.

"ಯಾರ ಮೇಲಾದ್ರೂ ಉಕ್ಬೇಕಲ್ಲ."

ಅವನು ಬರ್ಕ್‌ನನ್ನು ಜೀಪಿಗೆ ಹತ್ತಿಸಿದ.

ಜೀಪುಗಳು ಮರೆಯಾದ ಮೇಲೆ ಅವಳು ಅಕ್ಕಿ ತೊಳೆಯುತ್ತ ಊರಿನ ಮೊದಲ ದಿನದ ಅಡುಗೆಯನ್ನು ನಿರ್ಧರಿಸಿದಳು. ಹಂದಿಮಾಂಸ, ಜೊತೆಗೆ ಇಡ್ಲಿಯಂಥ ಸಣ್ಣಾ. ಊರಿನ ಮನೆಯಲ್ಲಿ ಅವನ ಕಪಾಟಿಗೆ ಹೊಸ ಬೀಗ ಬೇಕು ಎಂದೂ ನೆನಪಿಟ್ಟುಕೊಂಡಳು.

ಎಂಟು ಗಂಟೆಗೆ ಹಾರನ್‌ಗಳು ಕೇಳಿಸಿದವು. ಯಜಮಾನರು ನಗುತ್ತ ಇಳಿದರು, ಜೀಪಿನ ಹಿಂಬದಿಯಲ್ಲಿ ಸತ್ತ ಕಾಡುಬೆಕ್ಕಿತ್ತು. ಬರ್ಕ್ ಎಂದಿಗಿಂತ ಬೇಗ ಹಿಡಿದಿತ್ತಂತೆ. ಎಲ್ಲರೆದುರು ಅವರು ಬಗ್ಗಿ, ಗೆದ್ದ ನಾಯಿಯ ಮೂತಿಗೆ ಮುತ್ತಿಟ್ಟರು. ಹಾಗೇ ನಿಂತರು. ಮತ್ತೊಮ್ಮೆ ಮೂಸಿದರು. ಆಮೇಲೆ ಅಡುಗೆಯ ಡೇರೆಯ ಕಡೆ ತಿರುಗಿ, ದನಿ ಏರಿಸದೆಯೇ, "ಕಾರ್ಮೆಲ್, ಖಲಾಸ್," ಎಂದರು.

ಅವಳೊಬ್ಬಳಿಗೇ ಟಿಕೆಟ್, ಶುಕ್ರವಾರಕ್ಕೆ. ಪಾತ್ರೆ ಕಟ್ಟುತ್ತಿದ್ದವಳ ಹತ್ತಿರ ರುಡಾಲ್ಫ್ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಮೂಗಿಗೆ ಹಚ್ಚಿ ಎಂತ ಆಗ್ಬೇಕಿತ್ತು ನಿನಗೆ?" ಎಂದ ಮೆಲ್ಲಗೆ. "ಸಲೂಕಿ ವಾಸನೆ ಹಿಡಿದು ಓಡುದಲ್ಲ ಕಾರ್ಮೆಲ್. ಅದು ಕಣ್ಣಲ್ಲಿ ನೋಡಿ ಓಡುದು." ಆ ಮನೆಯಲ್ಲಿ ಹನ್ನೊಂದು ವರ್ಷ ಅವನ ತಟ್ಟೆಗೆ ಬಡಿಸಿದ್ದಳು, ಅವನ ನಾಯಿಗಳು ಹೇಗೆ ಬೇಟೆಯಾಡುತ್ತವೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.