ಯಾರೂ ಮಲಗದ ಮಂಚ

ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಬಂದ ದೂರು ಹತ್ತು ಗಂಟೆಗೆಲ್ಲ ಕೇಂದ್ರ ತನಿಖಾ ದಳದ ಮೇಜಿನ ಮೇಲಿತ್ತು. ಇರದೆ ಇನ್ನೇನು? ಕಾಣೆಯಾದವನು ಸರ್ಕಾರಿ ನೋಟು ಮುದ್ರಣಾಲಯದಲ್ಲಿ ಅಚ್ಚು ಕೆತ್ತುವವನು. ಅವನು ಖೋಟಾನೋಟಿನವರ ಕೈಗೆ ಸಿಕ್ಕರೆ ಗತಿ ಏನು! ಎಫ್‌ಐಆರ್‌ನಲ್ಲಿ ‘ಅಪಹರಣದ ಶಂಕೆ’ ಎಂದು ದಾಖಲಾಯಿತು. ದೂರು ಕೊಟ್ಟವನು ಅವನ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದ ಈಜು ತರಬೇತುದಾರ.

ದಳಕ್ಕೆ ಆಗಷ್ಟೇ ಸೇರಿದ ಹುಡುಗನಿಗೆ ಇದು ಮೊದಲ ಕೇಸು. ಪೇದೆಗಳು ಅವನಿಗೆ ‘ಮರಿ ಸಾಹೇಬ’ ಎಂದು ಹೆಸರಿಟ್ಟಿದ್ದರು. ಜೀಪು ಹತ್ತುವಾಗ ಅವನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಭಯಕ್ಕಲ್ಲ, ಖುಷಿಗೆ.

ಮನೆಯ ಪಂಚನಾಮೆ ಶುರುವಾಯಿತು. ಎರಡು ಮಲಗುವ ಕೋಣೆ, ಎರಡು ಮಂಚ. ಇನ್‌ಸ್ಪೆಕ್ಟರ್ ಮೇಡಂ ಮಾತಿನಲ್ಲಿ ಬಲು ಜಿಪುಣಿ.

“ನಿಮ್ಮ ರೂಮು ಯಾವುದು?”

“ಇದೇ ಮೇಡಂ,” ಎಂದ ತರಬೇತುದಾರ.

“ಯಾವಾಗ್ಲೂ ಇಲ್ಲೇ ಮಲಗೋದಾ?”

“ಹ್ಞೂಂ, ಯಾವಾಗ್ಲೂ.”

ಮೇಡಂ ಚಾದರವನ್ನು ಸರ್ರನೆ ಎಳೆದರು. ಹಾಸಿಗೆಗೆ ಅಂಗಡಿಯವರು ಸುತ್ತಿಕೊಟ್ಟಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಒತ್ತಿದರೆ ಚರಪರ ಸದ್ದು. ತರಬೇತುದಾರನ ಮುಖ ಬಿಳಿಚಿಕೊಂಡಿತು.

“ಸುಳ್ಳು ಹೇಳ್ತೀಯಾ? ಗೆಳೆಯನ್ನ ಯಾರಿಗೆ ಮಾರಿದೆ? ಎಳ್ಕೊಂಡು ನಡೀರಿ ಇವನ್ನ!”

ಮರಿ ಸಾಹೇಬನಿಗೆ ಆ ಮಂಚದ ಗುಟ್ಟು ತಟ್ಟನೆ ಹೊಳೆಯಿತು. ಅವನ ಮನೆಯಲ್ಲೂ ಇಂಥದ್ದೇ ಒಂದು ಮಂಚವಿತ್ತು. ಅಮ್ಮ ಬರುತ್ತಾಳೆಂದರೆ ಸಾಕು, ಅದಕ್ಕೆ ಚಾದರ ಹಾಸಿ, ದಿಂಬು ಗುದ್ದಿ, ಮೇಲೊಂದು ಟವಲು ಎಸೆದು ‘ಇದು ನನ್ನ ರೂಮು ಅಮ್ಮಾ’ ಎಂದು ಹಲ್ಲು ಕಿರಿಯುವುದು ಅವನ ಗೆಳೆಯನ ಪಾಲಿನ ನಾಟಕ. ಈಗ ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಮಾಡದವನು ಲಾಕಪ್ಪಿಗೆ, ಕಾಣೆಯಾದವನು ದೇವರ ಪಾಲಿಗೆ. ಬಾಯಿ ಬಿಟ್ಟರೆ ಸಂಜೆಯೊಳಗೆ ದಳದ ತುಂಬ ಗುಸುಗುಸು. ಹಾಳಾಗಿ ಹೋಗಲಿ ಎಂದುಕೊಂಡು ಮೇಡಂ ಅವರನ್ನು ಅಡುಗೆಮನೆಗೆ ಕರೆದ.

“ಇವನು ಕಳ್ಳ ಅಲ್ಲ ಮೇಡಂ. ಅವರಿಬ್ಬರೂ ಜೋಡಿ. ಆ ಮಂಚ ಬಂದೋರಿಗೆ ತೋರ್ಸೋಕೆ.”

“ನಿಂಗೆ ಹೇಗಯ್ಯಾ ಗೊತ್ತು?”

“ನಮ್ಮನೇಲೂ ಒಂದಿದೆ. ನಾನೂ ಗೇ ಮೇಡಂ.”

ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮತ್ತೆ ಇಲ್ಲೇನು ನಿಂತ್ಕೊಂಡು ನನ್ನ ಮುಖ ನೋಡ್ತಿದೀಯ? ಹೋಗಿ ನೀನೇ ಕೇಳು ಅವನ್ನ!”

ಮರಿ ಸಾಹೇಬ ತರಬೇತುದಾರನ ಪಕ್ಕದಲ್ಲಿ ಕೂತ. “ಆ ಮಂಚ ಯಾರಿಗೆ ತೋರ್ಸೋಕೆ? ಹೆದರ್ಬೇಡಿ. ನಾನೂ ನಿಮ್ಮಂಥೋನೇ.”

ಕಟ್ಟೆ ಒಡೆಯಿತು. “ಅವರಣ್ಣಂಗೆ ಸರ್. ನಿನ್ನೆ ಬೆಳಿಗ್ಗೆ ಹೇಳ್ದೆ ಕೇಳ್ದೆ ಬಂದ್ರು. ಅವರ ಹತ್ರ ಒಂದು ಕೀ ಇತ್ತು. ನಮ್ಮನ್ನ ಒಟ್ಟಿಗೆ ನೋಡಿದ್ರು. ಒಂದು ಮಾತೂ ಆಡ್ದೆ ಹೊರಟುಹೋದ್ರು. ಸಂಜೆ ಇವನು ಕೆಲಸದಿಂದ ವಾಪಸ್ ಬರ್ಲೇ ಇಲ್ಲ.”

“ಅಯ್ಯೋ, ದೂರಲ್ಲಿ ಯಾಕೆ ಬರೆಸ್ಲಿಲ್ಲ?”

“ಅವರೇನು ನೋಡಿದ್ರು ಅಂತನೂ ಬರೆಸ್ಬೇಕಾಗ್ತಿತ್ತಲ್ಲ ಸರ್!”

ಅಲ್ಲಿಂದ ಮುಂದೆ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಅಣ್ಣ ಆಂಬುಲೆನ್ಸುಗಳನ್ನು ಬಾಡಿಗೆಗೆ ಬಿಡುವವನು. ನಿನ್ನೆಯಿಂದ ಅವನು ಮತ್ತೆ ಮತ್ತೆ ಫೋನ್ ಮಾಡಿದ್ದು ಒಂದೇ ನಂಬರಿಗೆ. ಅದು ಇಂಥ ‘ಚಟ’ಗಳನ್ನು ಕರೆಂಟು ಕೊಟ್ಟು ಬಿಡಿಸುತ್ತೇನೆ ಎನ್ನುವ ಡಾಕ್ಟರೊಬ್ಬನದು. ಆಂಬುಲೆನ್ಸ್ ಶೆಡ್ಡಿನಲ್ಲಿದ್ದ ಡ್ರೈವರ್, “ರಾತ್ರಿಯೆಲ್ಲ ಇಲ್ಲೇ ಮಲಗಿಸಿದ್ದ ಪೇಷಂಟ್‌ನ ಹಾಕ್ಕೊಂಡು ಓನರ್ರೇ ಈಗಷ್ಟೇ ಹೊರಟ್ರು” ಎಂದ.

ಡಾಕ್ಟರನ ಊರಿಗೆ ಹೋಗುವ ಹೆದ್ದಾರಿಯ ಟೋಲ್‌ಗೇಟಿಗೆ ಜೀಪು ಅಡ್ಡದಾರಿ ಹಿಡಿದು ನುಗ್ಗಿತು. ಅಷ್ಟರಲ್ಲಿ ಸೈರನ್ ಕೇಳಿಸಿತು. ವಾಹನಗಳು ಪಾಪ, ರೋಗಿಯೆಂದು ದಾರಿ ಬಿಡುತ್ತಿದ್ದವು! ಮರಿ ಸಾಹೇಬ ಜೀಪಿನಿಂದ ಜಿಗಿದು ರಸ್ತೆಯ ನಟ್ಟನಡುವೆ ಕೈ ಚಾಚಿ ನಿಂತುಬಿಟ್ಟ.

“ಮರಿ ಸಾಹೇಬ್ರೇ, ಸಾಯ್ತೀರಿ!” ಎಂದು ಪೇದೆ ಕಿರುಚಿದ.

ಬ್ರೇಕು ಕಿರ್ರೆಂದಿತು. ಆಂಬುಲೆನ್ಸ್ ಗೇಣುದ್ದ ದೂರದಲ್ಲಿ ನಿಂತಿತು. ಹಿಂಬಾಗಿಲು ತೆರೆದರೆ ಕೆತ್ತನೆಗಾರ ಸ್ಟ್ರೆಚರಿನ ಬೆಲ್ಟುಗಳಲ್ಲಿ ಬಂಧಿಯಾಗಿ, ಮದ್ದಿನ ಮಂಪರಿನಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

“ಎದ್ದೇಳಿ. ನಿಮ್ಮೋರು ಕಾಯ್ತಿದಾರೆ,” ಎಂದು ಬೆಲ್ಟು ಬಿಚ್ಚಿದ ಮರಿ ಸಾಹೇಬ. ಅವನಿಗೆ ಕೂಗಿ ಕುಣಿಯುವಷ್ಟು ಸಂತೋಷವಾಗಿತ್ತು. ಮಧ್ಯಾಹ್ನ ಒಂದೂವರೆಗೆ ಅಣ್ಣನ ಬಂಧನವಾಯಿತು.

ಸಂಜೆ ಅಣ್ಣನ ಹೇಳಿಕೆ ಬರೆದುಕೊಳ್ಳಲು ಕೂತವನೂ ಅವನೇ.

“ಅಪಹರಣ ಅಂತೀರಲ್ಲ ಸ್ವಾಮಿ, ಅವನು ನನ್ನ ತಮ್ಮ!” ಎಂದ ಅಣ್ಣ ನೆಲ ನೋಡುತ್ತ. “ಅಪ್ಪ ಹೋದ್ಮೇಲೆ ಎತ್ತಿ ಆಡಿಸಿ ಸಾಕಿದ್ದೇ ನಾನು. ಅವನಿಗೆ ಜ್ವರ ಬಂದ್ರೆ ನಾನು ಅನ್ನ ಮುಟ್ತಿರ್ಲಿಲ್ಲ. ಇದನ್ನೂ ವಾಸಿ ಮಾಡಿಸ್ಬಿಡೋಣ ಅಂತ ಹೊರಟೆ. ನಿಮಗೊಬ್ಬ ತಮ್ಮ ಇದ್ದಿದ್ರೆ ಗೊತ್ತಾಗ್ತಿತ್ತು.”

ಮರಿ ಸಾಹೇಬ ಪೆನ್ನು ಕೆಳಗಿಟ್ಟ. “ನನಗೆ ಅಣ್ಣ ಇದಾನೆ. ನಿಮ್ಮ ಹಾಗೇ, ನನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದಾನೆ. ನಾನೂ ನಿಮ್ಮ ತಮ್ಮನ ಹಾಗೇ. ಅವನಿಗೆ ಇನ್ನೂ ಹೇಳಿಲ್ಲ.”

ಅಣ್ಣ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದ.

“ಅಂದ್ರೆ ನನ್ನ ತಮ್ಮ... ಇಷ್ಟು ವರ್ಷ ನನಗೆ ಹೆದರ್ಕೊಂಡಿದ್ನಾ?”

“ಹೌದು.”

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮರಿ ಸಾಹೇಬ ಅವನು ಅಳು ನಿಲ್ಲಿಸುವವರೆಗೂ ಕಾದ.