ಮಹಡಿ ಮನೆಯ ಕಪ್ಪೆಚಿಪ್ಪುಗಳು

ಕಾಫಿ ಲೋಟ ಕೆಳಗಿಡುವ ಮೊದಲೇ ತಾಯಿ ರಂಗನಾಯಕಿಯವರ ಅಪ್ಪಣೆಯಾಯಿತು.

"ವಂಶಿ, ಮಹಡಿ ಮನೆ ಖಾಲಿ ಮಾಡೋಕೆ ಹೇಳ್ಬಿಟ್ಟು ಬಾ. ಆ ಹುಡುಗಿ ಬಕೆಟ್ ತುಂಬ ಕಪ್ಪೆಚಿಪ್ಪು ತಂದಿದಾಳೆ. ಬೇಯಿಸೋಕೇ ಇರ್ಬೇಕು. ಮೆಟ್ಟಿಲೆಲ್ಲಾ ಸಮುದ್ರದ ವಾಸನೆ!"

ವಂಶಿ ಒಲ್ಲದ ಮನಸ್ಸಿನಿಂದ ಮೆಟ್ಟಿಲ ಕಡೆ ನಡೆದ. ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಹೇಳುವ ಈ ಮಹಾಶಯ, ಬಾಡಿಗೆಗೆ ಬಂದ ಮಾನ್ಯಳ ಎದುರು ವರ್ಷವಿಡೀ ಆಡಿದ್ದು ನೀರು ಬಂತಾ, ಕರೆಂಟ್ ಬಂತಾ ಎಂಬ ಎರಡೇ ಮಾತು. ಅವಳು ಕಾಣದ ದಿನ ಇಡೀ ಬಸವನಗುಡಿಯೇ ಬಿಕೋ ಎನ್ನುತ್ತಿತ್ತು. ಅದನ್ನು ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಈಗ ಹೊರಟುಹೋಗಿ ಎಂದು ತಾನೇ ಹೇಳಬೇಕು.

ಮೇಲೆ ಮಾನ್ಯ ಎರಡು ಗಾಜಿನ ತೊಟ್ಟಿಗಳ ಮುಂದೆ ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು.

"ಅಡುಗೆಗಾ?" ಎಂದುಬಿಟ್ಟ ವಂಶಿ.

"ರೀ, ನಾನು ಮೊಟ್ಟೆನೂ ತಿನ್ನಲ್ಲ!" ಅಳುವಿನ ನಡುವೆಯೇ ನಕ್ಕಳು. "ರಿಸರ್ಚ್‌ಗೆ ತಂದಿರೋದು. ಲ್ಯಾಬ್‌ನಲ್ಲಿ ಎಸಿ ಕೆಟ್ಟಿದೆ. ನೋಡಿ, ಒಳ್ಳೆ ನೀರಲ್ಲಿರೋವು ಹೇಗೆ ದಾರ ಬಿಟ್ಟು ಕಲ್ಲನ್ನ ಹಿಡ್ಕೊಂಡಿವೆ. ಈ ಎರಡನೇ ತೊಟ್ಟೀಲಿರೋದೂ ಸಮುದ್ರದ ನೀರೇ, ಆದ್ರೆ ಫ್ಯಾಕ್ಟರಿ ಪಕ್ಕದ್ದು. ಸೀಸ, ತಾಮ್ರ, ಕ್ಯಾಡ್ಮಿಯಂ ಎಲ್ಲಾ ಇದೆ. ಇವಕ್ಕೆ ಹಿಡಿತವೇ ಸಿಗ್ತಿಲ್ಲ. ಬೆಳಿಗ್ಗೆ ಒಂದು ಹೋಯ್ತು."

ವಂಶಿ ಬಗ್ಗಿ ನೋಡಿದ. ಆ ತೊಟ್ಟಿಯ ಚಿಪ್ಪುಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು.

"ವಿಷ ಅಂತ ಗೊತ್ತಾದ್ರೆ ಬಾಯಿ ಮುಚ್ಕೊಳ್ತವೆ, ಪಾಪ. ಎಷ್ಟು ದಿನ ಅಂತ? ಉಸಿರಾಡೋಕೆ ತೆರೀಲೇಬೇಕಲ್ಲ." ಅವಳು ಓರೆಗಣ್ಣಿನಲ್ಲಿ ಅವನನ್ನು ನೋಡಿದಳು. "ನೀವೂ ವರ್ಷದಿಂದ ಬಾಯಿ ಮುಚ್ಕೊಂಡೇ ಇದೀರಿ. ನಿಮ್ಮ ನೀರಿಗೆ ಯಾವ ವಿಷ ಬಿದ್ದಿದೆ?"

ಅವನ ಕಿವಿ ಕೆಂಪಾಯಿತು. "ಮನೆ ಖಾಲಿ ಮಾಡಿಸು ಅಂತ ಅಮ್ಮ ಕಳಿಸಿದಾರೆ."

ಅವಳ ನಗು ಆರಿಹೋಯಿತು. ಆ ಮುಖ ನೋಡಲಾಗದೆ ವಂಶಿ ಒಂದೇ ಉಸಿರಿಗೆ ಹೇಳಿಬಿಟ್ಟ. "ಹೋಗ್ಬೇಡಿ ಮಾನ್ಯ. ನೀವಿಲ್ದೆ ನನ್ನ ಕೈಲಿ ಇರೋಕಾಗಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅಷ್ಟರಲ್ಲಿ ಕೆಳಗಿನಿಂದ ಅಮ್ಮನ ಕೂಗು: "ಹೇಳಿದ್ಯೇನೋ?"

ವಂಶಿ ಮೆಟ್ಟಿಲ ಕಂಬಿ ಹಿಡಿದು ಬಗ್ಗಿದ. "ಖಾಲಿ ಮಾಡಿ ಅನ್ನಲಿಲ್ಲಮ್ಮ. ಮದುವೆ ಆಗ್ತೀರಾ ಅಂತ ಕೇಳ್ದೆ!"

ಕೆಳಗಿನಿಂದ ಒಗ್ಗರಣೆ ಸೀದ ವಾಸನೆ ಮೇಲಕ್ಕೆ ಬಂತು. ಆಮೇಲೆ, ಕೋಪಕ್ಕಿಂತ ಕುತೂಹಲವೇ ಜಾಸ್ತಿಯಿದ್ದ ದನಿ ಕೇಳಿತು: "ಅವಳೇನಂದ್ಲೋ?"

ಮಾನ್ಯ ಉಪ್ಪುನೀರಿನ ಕೈಯಲ್ಲೇ ಅವನ ತೋಳು ಹಿಡಿದು ಪಕ್ಕದಲ್ಲಿ ನಿಂತಳು.

"ಹೂಂ ಅಂತಿದೀನಿ ಆಂಟಿ! ಆದ್ರೆ ನನ್ನ ಕಪ್ಪೆಚಿಪ್ಪುಗಳೂ ಜೊತೆಗೇ ಬರ್ತವೆ."