ಬಾಯಿಗೆ ಹೊಲಿಗೆ

"ಆ ದಾರ ಮುಟ್ಟಬೇಡ ಮಗಾ. ಸಿಟ್ಟಲ್ಲಿರೋರು ಅದನ್ನ ಮುಟ್ಟಬಾರದು."

ರಫೂ ಅಜ್ಜಿ ಹಾಗೆಂದಾಗ ಅವಳಿಗೆ ನಗು ಬಂತು. ಮೂರು ದಿನದಲ್ಲಿ ಬಂದ ಮೊದಲ ನಗು, ಅದೂ ಸೊಟ್ಟಗೆ. ಹರಿದ ಬಟ್ಟೆಗೆ ಎಳೆ ಕೂಡಿಸಿ ಹರುಕು ಕಾಣದಂತೆ ಮಾಡುವ ಆ ಮುದುಕಿಯ ಅಂಗಡಿ ಒಂದು ಕಪಾಟಿನಷ್ಟೇ ಅಗಲ. ಹಳೆಯ ಉಣ್ಣೆ, ನುಸಿಗುಳಿಗೆ, ಇಸ್ತ್ರಿಯ ಉಗಿ ಎಲ್ಲ ಬೆರೆತು ಉಸಿರು ಕಟ್ಟುವ ವಾಸನೆ. ಅದರ ಅಡಿಯಲ್ಲಿ ಕೂದಲು ಸುಟ್ಟಂಥ ಇನ್ನೊಂದು ವಾಸನೆ. ಅದು ಬರುತ್ತಿದ್ದುದು ತಗಡಿನ ಡಬ್ಬಿಯಲ್ಲಿದ್ದ ಕಪ್ಪು ದಾರದ ಉಂಡೆಯಿಂದ.

"ದಾರಕ್ಕೂ ದೆವ್ವ ಹಿಡಿಯುತ್ತಾ ಅಜ್ಜಿ?"

"ದೆವ್ವ ಆಗಿದ್ರೆ ಬಿಡಿಸಬಹುದಿತ್ತು. ಇದನ್ನ ನೂತೋಳು ಗಂಡನ ಮೇಲಿನ ಹಗೆಗೆ ಮಾಟ ಮಾಡಿ ನೂತಳು. ಹೊಲಿಸಿಕೊಂಡೋನೂ ಹೋದ, ಹೊಲಿದೋಳೂ ಹೋದಳು. ಒಲೆಗೆ ಹಾಕಿದೆ, ಸುಡಲಿಲ್ಲ. ನಿನ್ನ ಸಿಟ್ಟು ಇಳಿದ ಮೇಲೆ ಬಾ, ಬೇರೆ ಕಪ್ಪು ಕೊಡ್ತೀನಿ."

"ಇಳಿಯೋ ಸಿಟ್ಟಲ್ಲ ಇದು" ಎಂದಳು. ಅಜ್ಜಿ ಇಸ್ತ್ರಿಪೆಟ್ಟಿಗೆಯತ್ತ ತಿರುಗಿದ್ದೇ ತಡ, ಉಂಡೆ ಅವಳ ಚೀಲ ಸೇರಿತ್ತು.

ಸಿಟ್ಟಿಗೆ ಕಾರಣವಿತ್ತು. ಅವಳ ತಾಯಿ ಶ್ವಾಸಕೋಶದ ಕಾಯಿಲೆಯಲ್ಲಿ ನರಳಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಹನ್ನೊಂದು ಎಕ್ಸ್-ರೇ ಹಾಳೆಗಳು. ಅವುಗಳ ಮೇಲೆ ತಾಯಿಯ ಹತ್ತಿ ಸೀರೆಯ ತುಂಡುಗಳನ್ನು ಹಾಸಿ, ಬಿಳಿ ರೇಷ್ಮೆಯಲ್ಲಿ ಒಂದೊಂದೇ ಪಕ್ಕೆಲುಬನ್ನು ಕಸೂತಿ ಹಾಕುತ್ತ ಮೂರು ವರ್ಷ ಕೂತಳು. ಬೆರಳ ತುದಿ ಜರಡಿಯಾಯಿತು. ಎಲ್ಲರೂ ಮೇಷ್ಟ್ರು ಎಂದು ಕರೆಯುತ್ತಿದ್ದ ಹಿರಿಯ ಕಲಾವಿದ "ನನ್ನ ಪ್ರದರ್ಶನದಲ್ಲಿ ನಿನ್ನದನ್ನೂ ಸೇರಿಸ್ತೀನಿ" ಎಂದು ಒಯ್ದ. ಆಮಂತ್ರಣ ಪತ್ರಿಕೆ ಬಂತು. ಹನ್ನೊಂದೂ ಅವನ ಹೆಸರಿನಲ್ಲಿ. ಕೆಳಗೆ ಒಂದು ಸಾಲು: ಅಗಲಿದ ನನ್ನ ತಾಯಿಗೆ.

ಅವನ ತಾಯಿ ಗುಂಡುಕಲ್ಲಿನ ಹಾಗೆ ಬದುಕಿದ್ದಳು.

ಫೋನ್ ಮಾಡಿ ಕೂಗಾಡಿದಾಗ ಅವನು ಆಕಳಿಸಿದ. "ತಲೆ ನಂದು, ಕೈ ನಿಂದು ಮರೀ. ಕೈಗೆ ಯಾರಾದ್ರೂ ಹೆಸರಿಡ್ತಾರಾ?"

ಆ ಕ್ಷಣದಿಂದ ಅವಳ ಮನಸ್ಸಿನಲ್ಲಿ ಮೇಷ್ಟ್ರಿಗೆ ಬಹುವಚನ ಹೋಯಿತು.

ಮನೆಗೆ ಬಂದವಳೇ ಅವನ ಫೋಟೋವನ್ನು ಬಟ್ಟೆಯ ಮೇಲೆ ಅಚ್ಚು ತೆಗೆದು ಕಸೂತಿಯ ದುಂಡು ಚೌಕಟ್ಟಿಗೆ ಬಿಗಿದಳು. ನಡು ಮಧ್ಯಾಹ್ನ. ಕಿಟಕಿಯಾಚೆ ಯಾರೋ ತರಕಾರಿ ಚೌಕಾಸಿ ಮಾಡುತ್ತಿದ್ದರು. ಸೂಜಿಗೆ ಕಪ್ಪು ದಾರ ಪೋಣಿಸಿ ಅವನ ತುಟಿಗಳನ್ನು ಹೊಲಿದಳು. ಒಂದೊಂದು ಹಾಳೆಗೆ ಒಂದೊಂದು ಹೊಲಿಗೆ. ದಾರ ಬೆರಳಿಗೆ ತಣ್ಣಗೆ, ಜಿಡ್ಡಾಗಿ ಅಂಟುತ್ತಿತ್ತು. ಹನ್ನೊಂದನೆಯದಕ್ಕೆ ಗಂಟು ಬಿಗಿದಾಗ ಎದೆಯೊಳಗಿನ ಕೆಂಡ ಇನ್ನಷ್ಟು ಉರಿಯಿತು.

ಮರುದಿನ ಮೇಷ್ಟ್ರ ಸ್ಟುಡಿಯೋದಿಂದ ಗೆಳತಿ ಫೋನ್ ಮಾಡಿದಳು. "ಮೇಷ್ಟ್ರ ಬಾಯಿ ಬಿಗಿದುಹೋಗಿದೆ ಕಣೇ. ಡಾಕ್ಟ್ರು ಬಂದ್ರೂ ತುಟಿ ಬಿಚ್ಚೋಕಾಗ್ತಿಲ್ಲ. ಮೂಗಲ್ಲೇ ಉಸಿರಾಡ್ತಿದಾರೆ."

ಅವಳು ಹೆದರಬೇಕಿತ್ತು. ನಕ್ಕಳು. "ಮೂಗು ಇನ್ನೂ ಇದೆಯಾ?" ಎಂದಳು.

ಫೋನಿಟ್ಟು ಚೌಕಟ್ಟು ಕೈಗೆತ್ತಿಕೊಂಡಳು. ಅವನ ಮೂಗಿನ ಹೊಳ್ಳೆಗೆ ಮೊದಲ ಚುಚ್ಚು ಹಾಕಿದಳು. ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ ದಟ್ಟವಾಯಿತು. ಹಾಡಹಗಲಲ್ಲೇ ಬೆಳಕು ಕುಗ್ಗಿತು. ಬೀದಿಯ ಸದ್ದು ಕಿವಿಗೆ ಹತ್ತಿ ತುರುಕಿದಂತೆ ನಿಂತಿತು. ಸೂಜಿ ಬಟ್ಟೆ ದಾಟುವ ಚುಯ್ ಎಂಬ ಸದ್ದೊಂದೇ. ಎರಡನೇ ಚುಚ್ಚು. ಅವಳ ಎಡ ಮೂಗು ಕಟ್ಟಿತು. ಬಾಯಿಂದ ಉಸಿರೆಳೆಯಲು ನೋಡಿದಳು.

ಫೋನಿನಲ್ಲಿ ನಕ್ಕ ಬಾಯಿ ಈಗ ತೆರೆಯಲಿಲ್ಲ.

ಚೌಕಟ್ಟನ್ನು ತಿರುಗಿಸಿದಳು. ಕಸೂತಿಯ ಹಿಂಬದಿ ಯಾವಾಗಲೂ ದಾರಗಳ ಗೋಜಲು. ಇಲ್ಲಿ ಗೋಜಲಿರಲಿಲ್ಲ. ಮುಖವಿತ್ತು. ಅವಳದೇ ಮುಖ. ತುಟಿಯ ಮೇಲೆ ಹನ್ನೊಂದು ಹೊಲಿಗೆ.

ಕೈ ನಿಲ್ಲಲಿಲ್ಲ. ಬಲಗೈ ಅವಳ ಮಾತು ಕೇಳಲಿಲ್ಲ. ಸೂಜಿ ಇಳಿಯಿತು. ಏರಿತು. ಇಳಿಯಿತು. ಎಡಗೈಯಲ್ಲಿ ಕತ್ತರಿ ಹಿಡಿದಳು. ದಾರ ತುಂಡಾಗಲಿಲ್ಲ. ಕತ್ತರಿಯ ಅಲಗೇ ಮುಕ್ಕಾಯಿತು. ಬಲ ಮೂಗು ಅರ್ಧ ಮುಚ್ಚಿತು. ಎದೆ ಹಾರಿತು. ಕಣ್ಣು ಕತ್ತಲಿಟ್ಟಿತು. ಅಮ್ಮ ಹೀಗೇ ಹೋಗಿದ್ದಳು. ಹೀಗೇ, ಗಾಳಿಗಾಗಿ ಬಾಯಿ ಬಾಯಿ ಬಿಟ್ಟು.

ಹೊಲಿಗೆ ಬಿಚ್ಚುವ ಕೊಕ್ಕೆ ಎಡಗೈಗೆ ಸಿಕ್ಕಿತು. ಮೂಗಿನ ಹೊಲಿಗೆಗೆ ಹಾಕಿ ಎಳೆದಳು. ದಾರ ಬಂತು, ಬಲಗೈ ನಿಂತಿತು. ಉಸಿರು ಬಂತು. ತುಟಿಯ ಒಂದನೇ ಹೊಲಿಗೆ ಎಳೆದಳು. ಅವಳ ಗಂಟಲಿನ ಒಳಗಿಂದ ಏನೋ ಕಿತ್ತಂತಾಯಿತು. ಎರಡು. ಐದು. ಒಂಬತ್ತು. ಪ್ರತಿ ಎಳೆಗೂ ರಕ್ತದ ರುಚಿ. ಹನ್ನೊಂದನೆಯದು ಬಿಚ್ಚಿದಾಗ ನೆಲಕ್ಕೆ ಬಿದ್ದ ದಾರದಿಂದ ಒಂದು ಸಣ್ಣ ಧ್ವನಿ ಕೇಳಿತು. "ಅಮ್ಮಾ" ಎಂದಿತು. ಅವಳದೇ ಧ್ವನಿ. ಮತ್ತೆ ಸುಮ್ಮನಾಯಿತು.

ಬಾಯಿ ಬಿಟ್ಟು ಕಿರುಚಿದಳು. ಬರೀ ಗಾಳಿ.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಬಾಯಿ ಬಿಚ್ಚಿಕೊಂಡಿದ್ದ ಮೇಷ್ಟ್ರು ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. "ಇದು ನನ್ನ ತಾಯಿಯ ಕೊನೇ ಉಸಿರು. ರಾತ್ರಿ ಹಗಲು ನಾನೇ ಕೂತು ಹೊಲಿದೆ." ಬಾಗಿಲಲ್ಲಿ ಅವಳನ್ನು ಕಂಡು ಒಂದು ಗಳಿಗೆ ತಡವರಿಸಿದ. ಅವಳ ತುಟಿಗಳು ಅಲುಗಿದವು, ಸದ್ದು ಹೊರಡಲಿಲ್ಲ. ಅವನ ಮುಖ ಅರಳಿತು. "ಇವಳು ನನ್ನ ಶಿಷ್ಯೆ. ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದಳು, ಪಾಪ."

ಜನ ಅವಳಿಗೂ ಚಪ್ಪಾಳೆ ತಟ್ಟಿದರು.

ಅವಳು ಮೊದಲ ಚೌಕಟ್ಟಿನ ಹತ್ತಿರ ನಡೆದಳು. ಗಾಜು ತೆಗೆದಳು. ಕೊಕ್ಕೆ ಹಾಕಿ ಬಿಳಿ ರೇಷ್ಮೆಯನ್ನು ಸರ್‍ರನೆ ಎಳೆದಳು. ಮೂರು ತಿಂಗಳು ಕೂತು ಹೊಲಿದ ಪಕ್ಕೆಲುಬುಗಳು ಬಿಚ್ಚಿಕೊಂಡು ನೆಲಕ್ಕೆ ಸುರಿದವು.

"ಹಿಡೀರಿ ಅವಳನ್ನ, ತಲೆ ಕೆಟ್ಟಿದೆ!" ಮೇಷ್ಟ್ರು ಅರಚಿದ.

ಕಾವಲಿನವನು ಓಡಿ ಬರುವಷ್ಟರಲ್ಲಿ ಸೀರೆಯ ತುಂಡು ಕಳಚಿತ್ತು. ಎಕ್ಸ್-ರೇಯ ಮೂಲೆಯಲ್ಲಿ ಆಸ್ಪತ್ರೆಯ ಬಿಳಿ ಅಕ್ಷರ. ಯಾರ ಕಣ್ಣಿಗೂ ಬೀಳಬಾರದೆಂದು ಅವಳೇ ರೇಷ್ಮೆಯಡಿ ಮುಚ್ಚಿದ್ದ ಹೆಸರು. ಮುಂದಿನ ಸಾಲಿನ ಹೆಂಗಸೊಬ್ಬಳು ಬಗ್ಗಿ, ಆ ಹೆಸರನ್ನು, ವಯಸ್ಸನ್ನು, ತಾರೀಖನ್ನು ಗಟ್ಟಿಯಾಗಿ ಓದಿದಳು. ಕಾವಲಿನವನು ಅರ್ಧದಲ್ಲೇ ನಿಂತ.

"ಮೇಷ್ಟ್ರೇ, ಇದು ನಿಮ್ಮ ತಾಯಿ ಹೆಸರಲ್ಲವಲ್ಲ?" ಎಂದು ಯಾರೋ ಕೇಳಿದರು. ಮೇಷ್ಟ್ರು ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

ಹೆಂಗಸು ಇವಳತ್ತ ತಿರುಗಿದಳು. "ನಿಮ್ಮಮ್ಮನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಗೊತ್ತಾಯ್ತು ಕಣಮ್ಮ. ಸಾಕು ಬಿಡು. ಉಳಿದಿದ್ದನ್ನಾದ್ರೂ ಉಳಿಸ್ಕೋ."

ಅಮ್ಮನ ಹೆಸರು ಇನ್ನೂ ಹತ್ತು ಕಡೆ ಮುಚ್ಚಿಕೊಂಡಿತ್ತು. ಅವಳು ಎರಡನೇ ಚೌಕಟ್ಟಿನ ಗಾಜು ತೆಗೆದಳು.